‘ಎರಡೇ ಪೆಗ್’ ಎಂದರೆ ಎಷ್ಟು? ಮಾಜಿ ಸೈನಿಕರ ಪಾಲಿಕ್ಲಿನಿಕ್‌ನಲ್ಲಿ ಕುಡಿತದ ತಪಾಸಣೆ ಮಾಡುವ ಬಗೆ

ಮೂರು ಬಗೆಯ ಮಾತ್ರೆ ಕೊಟ್ಟರೂ ರಕ್ತದೊತ್ತಡ 160ರಿಂದ ಕೆಳಗಿಳಿಯದ ನಿವೃತ್ತ ಹವಾಲ್ದಾರರೊಬ್ಬರನ್ನು ಎಣಿಸಿಕೊಳ್ಳಿ. ಉಪ್ಪು ಕಡಿಮೆ ಮಾಡಿ ಎಂದು ಹೇಳಿಯಾಗಿದೆ, ಮೂತ್ರಪಿಂಡದ ಪರೀಕ್ಷೆಯೂ ಮುಗಿದಿದೆ. ಕಡತದಲ್ಲಿ ‘ಮದ್ಯ: ಅಪರೂಪಕ್ಕೆ’ ಎಂದು ಯಾರೋ ಎಂದೋ ಬರೆದದ್ದು ವರ್ಷದಿಂದ ವರ್ಷಕ್ಕೆ ನಕಲಾಗುತ್ತಾ ಬಂದಿದೆ. ಅಪರೂಪ ಎಂದರೆ ಎಷ್ಟು ಎಂದು ಯಾರೂ ಕೇಳಿಲ್ಲ. ಈ ಬರಹ ಅದನ್ನು ಕೇಳಿ, ಅಳೆದು, ಮುಂದೇನು ಮಾಡಬೇಕೆಂದು ತೀರ್ಮಾನಿಸುವ ಬಗೆಯನ್ನು ಕುರಿತದ್ದು. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ಗಳ ವೈದ್ಯರು ಮತ್ತು ದಾದಿಯರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಕೊಡಗು, ಬೆಳಗಾವಿ, ಹಾಸನದ ಕಡೆ ಮಾಜಿ ಸೈನಿಕರನ್ನು ನೋಡುವ ಖಾಸಗಿ ವೈದ್ಯರಿಗೂ ಇದು ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಕುಡುಕರನ್ನು ಹಿಡಿಯುವ ಕೆಲಸವಲ್ಲ. ಬೆಳಿಗ್ಗೆಯೇ ವಾಸನೆ ಹೊಡೆಯುತ್ತಾ ಬರುವವರನ್ನು ಗುರುತಿಸಲು ಪ್ರಶ್ನಾವಳಿ ಬೇಕಿಲ್ಲ. ಶಿಸ್ತಾಗಿ ಬಟ್ಟೆ ತೊಟ್ಟು, ಸಮಯಕ್ಕೆ ಸರಿಯಾಗಿ ಬಂದು, ಮಾತ್ರೆ ತೆಗೆದುಕೊಂಡು ಹೋಗುವ, ತನಗೇ ಗೊತ್ತಿಲ್ಲದಂತೆ ಅಳತೆ ಮೀರಿರುವ ಮನುಷ್ಯ ಕಣ್ಣಿಗೆ ಬೀಳುವುದಿಲ್ಲ. ತಪಾಸಣೆ ಇರುವುದು ಅವರಿಗಾಗಿ.

ಮಾಜಿ ಸೈನಿಕರಿಗೇ ಏಕೆ

ಸಿಪಾಯಿ, ನಾಯಕ್, ಹವಾಲ್ದಾರ್ ಹುದ್ದೆಯವರು ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರುತ್ತಾರೆ. ದಿನದ ಕಟ್ಟುಪಾಡು ಒಮ್ಮೆಲೇ ಕಳಚುತ್ತದೆ. ಸೇನಾ ಕ್ಯಾಂಟೀನಿನಿಂದ ಸಿಗುವ ಮದ್ಯದ ತಿಂಗಳ ಕೋಟಾ ಮಾತ್ರ ಉಳಿಯುತ್ತದೆ. ಘಟಕದಲ್ಲಿ ಕುಡಿತಕ್ಕೆ ಹೊತ್ತು ಗೊತ್ತು ಇತ್ತು, ಬೆಳಿಗ್ಗೆ ಪಿಟಿಗೆ ಏಳಬೇಕಿತ್ತು. ಊರಿನಲ್ಲಿ ಹಾಗೆ ತಡೆಯುವುದು ಏನೂ ಇರುವುದಿಲ್ಲ. ಹಳೆಯ ಬೆನ್ನುನೋವು, ಮೊಣಕಾಲು ನೋವು, ಬಾರದ ನಿದ್ರೆ, ಕೆಲವರಿಗೆ ಗಡಿಯಲ್ಲಿ ಕಂಡದ್ದರ ನೆನಪು ಸೇರಿಕೊಳ್ಳುತ್ತವೆ. ರಾತ್ರಿ ಪಾಳಿಯ ಭದ್ರತಾ ಕೆಲಸ ಹಿಡಿದವರಿಗಂತೂ ನಿದ್ರೆಗೆಂದು ಕುಡಿಯುವುದು ರೂಢಿಯಾಗುತ್ತದೆ. ಜೊತೆಗೆ ಕೊಡಗಿನಂತಹ ಕಡೆ ಮದುವೆ, ಹಬ್ಬಗಳಲ್ಲಿ ಮದ್ಯ ಮರ್ಯಾದೆಯ ಭಾಗವೇ ಆಗಿದೆ. ಕುಡಿಯುತ್ತೀರಾ ಎಂಬ ಪ್ರಶ್ನೆಗೆ ಅಲ್ಲಿ ಬೆಲೆಯಿಲ್ಲ, ಎಷ್ಟು ಎಂಬುದಕ್ಕೆ ಮಾತ್ರ ಇದೆ.

ಮೊದಲ ಹೆಜ್ಜೆ: ಯಾರು ಕೇಳುವುದು, ಎಲ್ಲಿ ಕೇಳುವುದು

ಔಷಧ ವಿತರಣೆಯ ಸಾಲಿನಲ್ಲಿ ನಿಲ್ಲಿಸಿ ಕೇಳಬೇಡಿ. ತೂಕ, ರಕ್ತದೊತ್ತಡ ನೋಡುವ ಕೋಣೆಯ ಬಾಗಿಲು ಮುಚ್ಚುವಂತಿದ್ದರೆ ಅದೇ ಸಾಕು. ಹೆಂಡತಿ, ಮಗ ಜೊತೆಗಿದ್ದರೆ ಎರಡು ನಿಮಿಷ ಹೊರಗೆ ಕುಳಿತಿರಲು ವಿನಂತಿಸಿ. ಮನೆಯವರ ಮಾತನ್ನು ಆಮೇಲೆ, ರೋಗಿಯ ಒಪ್ಪಿಗೆ ಪಡೆದು ಕೇಳಬಹುದು. ಹೆಂಡತಿಯ ಎದುರು ಕೇಳಿದರೆ ಒಂದೋ ಸುಳ್ಳು ಬರುತ್ತದೆ, ಇಲ್ಲವೇ ಜಗಳ ಬರುತ್ತದೆ.

ಪಾಲಿಕ್ಲಿನಿಕ್‌ಗಳಲ್ಲಿ ಇನ್ನೊಂದು ತೊಡಕು ಇದೆ. ಸಿಬ್ಬಂದಿಯಲ್ಲಿ ಹಲವರು ಸ್ವತಃ ಮಾಜಿ ಸೈನಿಕರು. ಸೇವೆಯಲ್ಲಿ ಸುಬೇದಾರ್ ಮೇಜರ್ ಆಗಿದ್ದವರಿಗೆ ಕೆಳಗಿನ ಹುದ್ದೆಯಿಂದ ನಿವೃತ್ತರಾದ ಸಹಾಯಕ ಕುಡಿತದ ಲೆಕ್ಕ ಕೇಳುವುದು ಇಬ್ಬರಿಗೂ ಮುಜುಗರ. ಅದಕ್ಕಿಂತ ಅದೇ ಊರಿನ, ಅದೇ ಪಲ್ಟನ್ನಿನ ಪರಿಚಯ ಇನ್ನೂ ಕಷ್ಟ. ಇದಕ್ಕೆ ನನಗೆ ಸರಿಯೆನಿಸುವ ದಾರಿ ಕಾಗದ: ಮೂರು ಪ್ರಶ್ನೆಗಳ ಅರ್ಧ ಹಾಳೆಯನ್ನು ಕೈಗೆ ಕೊಟ್ಟು, ಅವರೇ ಗುರುತು ಹಾಕಿ ನೇರವಾಗಿ ವೈದ್ಯರ ಕೈಗೆ ಕೊಡಲಿ. ಓದಲು ಕಷ್ಟವಿರುವವರಿಗೆ ಮಾತ್ರ ಓದಿ ಹೇಳಿ.

ಕೇಳುವ ಮುನ್ನ ಹೇಳಬೇಕಾದ ಮಾತು ಚಿಕ್ಕದು: “ಸಾಹೇಬರೇ, ಇಲ್ಲಿಗೆ ಬರುವ ಎಲ್ಲರಿಗೂ ವರ್ಷಕ್ಕೊಮ್ಮೆ ಈ ಮೂರು ಪ್ರಶ್ನೆ ಕೇಳುತ್ತೇವೆ. ಕುಡಿಯದವರಿಗೂ ಕೇಳುತ್ತೇವೆ. ನೀವು ತೆಗೆದುಕೊಳ್ಳುವ ಮಾತ್ರೆಗೂ ಇದಕ್ಕೂ ಸಂಬಂಧ ಇದೆ.”

ಅವರ ಮನಸ್ಸಿನಲ್ಲಿ ಆಗ ಓಡುವುದು ಬೇರೆ ಲೆಕ್ಕ. ಸೇವೆಯಲ್ಲಿದ್ದಾಗ ಕುಡಿತದ ಸಮಸ್ಯೆ ದಾಖಲಾದರೆ ವೈದ್ಯಕೀಯ ದರ್ಜೆ ಇಳಿಯುತ್ತಿತ್ತು, ಬಡ್ತಿ ನಿಲ್ಲುತ್ತಿತ್ತು. ಆ ಭಯ ನಿವೃತ್ತಿಯ ದಿನ ಕಳಚಿಹೋಗುವುದಿಲ್ಲ. ಪಿಂಚಣಿಗೆ ಏನಾದರೂ ಆದೀತೆ, ಕ್ಯಾಂಟೀನ್ ಕಾರ್ಡ್ ಹೋದೀತೆ ಎಂಬ ಅಳುಕು ಇದ್ದೇ ಇರುತ್ತದೆ. ಇದು ಚಿಕಿತ್ಸೆಯ ಕಡತದ ವಿಷಯ, ಕ್ಯಾಂಟೀನಿಗೆ ಹೋಗುವ ಕಾಗದವಲ್ಲ ಎಂದು ಬಾಯಿಬಿಟ್ಟು ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದ ಸಮಸ್ಯೆಯನ್ನೂ ಒಳಗೊಳ್ಳುತ್ತದೆ, ಗೋಪ್ಯತೆಯ ಹಕ್ಕನ್ನೂ ಕೊಡುತ್ತದೆ. ಆದರೆ ಹೇಳುವ ಮುನ್ನ ನಿಮ್ಮಲ್ಲಿ ಕಡತಗಳು ನಿಜವಾಗಿಯೂ ಯಾರ ಯಾರ ಕೈಗೆ ಸಿಗುತ್ತವೆ ಎಂದು ನೋಡಿಕೊಳ್ಳಿ. ಮೇಜಿನ ಮೇಲೆ ಬಿಚ್ಚಿಟ್ಟ ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಅಂಕ ಬರೆಯುವಂತಿದ್ದರೆ ಆ ಭರವಸೆ ಕೊಡಬೇಡಿ, ಮೊದಲು ರಿಜಿಸ್ಟರ್ ಬದಲಿಸಿ.

ಎರಡನೆಯ ಹೆಜ್ಜೆ: ಮೂರು ಪ್ರಶ್ನೆ, ಇದ್ದ ಹಾಗೆ

ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ 1980ರ ದಶಕದಲ್ಲಿ ರೂಪುಗೊಂಡದ್ದು. ಅದರ ಮೊದಲ ಮೂರು ಪ್ರಶ್ನೆಗಳೇ ಆಡಿಟ್-ಸಿ. ಈ ಮೂರನ್ನು ಪ್ರತ್ಯೇಕವಾಗಿ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ್ದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಹೊರರೋಗಿಗಳನ್ನು ಅಧ್ಯಯನ ಮಾಡಿದ ತಂಡವೇ. ಹಾಗಾಗಿ ಇದು ನಮ್ಮ ಓಪಿಡಿಗೆ ಎಲ್ಲಿಂದಲೋ ತಂದು ಹೊಂದಿಸಿದ ಉಪಕರಣವಲ್ಲ.

ಮೊದಲ ಪ್ರಶ್ನೆ: ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಮದ್ಯ ಸೇವಿಸಿದ್ದೀರಿ? ಎಂದೂ ಇಲ್ಲ ಎಂದರೆ 0. ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಕಡಿಮೆ 1. ತಿಂಗಳಿಗೆ ಎರಡರಿಂದ ನಾಲ್ಕು ಸಲ 2. ವಾರಕ್ಕೆ ಎರಡು ಮೂರು ಸಲ 3. ವಾರಕ್ಕೆ ನಾಲ್ಕು ಅಥವಾ ಹೆಚ್ಚು ಸಲ 4.

ಎರಡನೆಯದು: ಕುಡಿಯುವ ದಿನ ಸಾಮಾನ್ಯವಾಗಿ ಎಷ್ಟು ಯೂನಿಟ್ (30 ಮಿ.ಲೀ. ಸ್ಮಾಲ್ ಪೆಗ್ ಒಂದು ಯೂನಿಟ್, ಲೆಕ್ಕ ಮುಂದಿನ ಹೆಜ್ಜೆಯಲ್ಲಿದೆ)? ಒಂದೆರಡು 0, ಮೂರು ನಾಲ್ಕು 1, ಐದಾರು 2, ಏಳರಿಂದ ಒಂಬತ್ತು 3, ಹತ್ತು ಮತ್ತು ಮೇಲೆ 4.

ಮೂರನೆಯದು: ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಯೂನಿಟ್ ಎಷ್ಟು ಸಲ ಆಗಿದೆ? ಎಂದೂ ಇಲ್ಲ 0, ತಿಂಗಳಿಗೊಮ್ಮೆಗಿಂತ ಕಡಿಮೆ 1, ತಿಂಗಳಿಗೊಮ್ಮೆ 2, ವಾರಕ್ಕೊಮ್ಮೆ 3, ಹೆಚ್ಚುಕಡಿಮೆ ದಿನವೂ 4.

ಒಟ್ಟು 12. ಗಂಡಸರಿಗೆ 4, ಹೆಂಗಸರಿಗೆ 3 ಅಥವಾ ಮೇಲಾದರೆ ಮುಂದಿನ ಹೆಜ್ಜೆಗೆ ಹೋಗಬೇಕು. ಇಸಿಎಚ್‌ಎಸ್‌ನಲ್ಲಿ ಪತ್ನಿಯರೂ ಯೋಧರ ವಿಧವೆಯರೂ ಫಲಾನುಭವಿಗಳು, ಅವರಿಗೂ ಕೇಳಿ. ಹೆಂಗಸರಿಗೆ ಕೇಳುವುದು ತಪ್ಪು ಎಂದು ನಾವೇ ಊಹಿಸಿಕೊಂಡಿದ್ದೇವೆ.

‘ಇದ್ದ ಹಾಗೆ’ ಎಂದು ಒತ್ತಿ ಹೇಳಲು ಕಾರಣವಿದೆ. ಅಮೆರಿಕದ ಮಾಜಿ ಸೈನಿಕರ ಆರೋಗ್ಯ ವ್ಯವಸ್ಥೆಯಲ್ಲಿ 2004ರಿಂದ ಈ ತಪಾಸಣೆ ವರ್ಷಕ್ಕೊಮ್ಮೆ ನಡೆಯುತ್ತದೆ. ಕಂಪ್ಯೂಟರ್ ನೆನಪಿಸುತ್ತದೆ, ಬಹುತೇಕ ಎಲ್ಲ ರೋಗಿಗಳಿಗೂ ಆಗಿದೆ ಎಂದು ದಾಖಲೆ ಹೇಳುತ್ತದೆ. ಆದರೆ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದೇ ರೋಗಿಗಳು ಅಂಚೆಯ ಮೂಲಕ ಗುಟ್ಟಾಗಿ ತುಂಬಿ ಕಳಿಸಿದ ಉತ್ತರಗಳನ್ನು ಕ್ಲಿನಿಕ್ಕಿನ ದಾಖಲೆಯ ಪಕ್ಕದಲ್ಲಿಟ್ಟು ನೋಡಿತು. ಅಂಚೆಯಲ್ಲಿ ಮಿತಿ ಮೀರಿದವರ ಪೈಕಿ ಶೇ 61ರಷ್ಟು ಮಂದಿ ಕ್ಲಿನಿಕ್ಕಿನ ದಾಖಲೆಯಲ್ಲಿ ‘ಏನೂ ತೊಂದರೆಯಿಲ್ಲ’ ಎಂದೇ ನಮೂದಾಗಿದ್ದರು. ನಂತರ ಕ್ಲಿನಿಕ್‌ಗಳಲ್ಲಿ ಕುಳಿತು ಗಮನಿಸಿದಾಗ ಕಂಡದ್ದು: ಪ್ರಶ್ನೆಗಳನ್ನು ಬರೆದಂತೆ ಕೇಳುತ್ತಿರಲಿಲ್ಲ, ಕೆಲವನ್ನು ಬಿಟ್ಟು ಉತ್ತರವನ್ನು ತಾವೇ ಊಹಿಸಿಕೊಳ್ಳುತ್ತಿದ್ದರು. “ಹೆಚ್ಚೇನೂ ಕುಡಿಯುವುದಿಲ್ಲ ಅಲ್ಲವೇ?” ಎಂದು ಕೇಳಿದರೆ ಬರುವ ಉತ್ತರ ಒಂದೇ. ನಮ್ಮಲ್ಲಿ ಕಂಪ್ಯೂಟರಿನ ನೆನಪೋಲೆಯೂ ಇಲ್ಲದ ಕಡೆ ಈ ಜಾರುವಿಕೆ ಇನ್ನೂ ಸುಲಭ.

ಕನ್ನಡದಲ್ಲಿ ಕೇಳುವಾಗ ನಿಮ್ಮ ಪಾಲಿಕ್ಲಿನಿಕ್‌ನ ಎಲ್ಲರೂ ಒಂದೇ ಮಾತುಗಳನ್ನು ಬಳಸಲಿ. ಹತ್ತಿರದ ವೈದ್ಯಕೀಯ ಕಾಲೇಜಿನ ಮನೋವೈದ್ಯಕೀಯ ವಿಭಾಗದಲ್ಲಿ ಬಳಕೆಯಲ್ಲಿರುವ ಕನ್ನಡ ಆಡಿಟ್ ಹಾಳೆ ಸಿಕ್ಕರೆ ಅದನ್ನೇ ತಂದುಕೊಳ್ಳಿ. ಮರಾಠಿ, ತುಳು, ಕೊಡವ ಮನೆಮಾತಿನವರಿಗೆ ಪದ ಸಡಿಲವಾಗುತ್ತದೆ. ಅಂಕದ ಗಡಿಗಳು ಮಾತ್ರ ಸಡಿಲವಾಗಬಾರದು.

ಮೂರನೆಯ ಹೆಜ್ಜೆ: ಪೆಗ್ಗನ್ನು ಅಳೆಯಿರಿ

ಇಡೀ ತಪಾಸಣೆ ನಿಲ್ಲುವುದೂ ಬೀಳುವುದೂ ಇಲ್ಲಿ. ಒಂದು ಯೂನಿಟ್ ಎಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮ ರಮ್, ವಿಸ್ಕಿ, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್ ಇರುತ್ತದೆ. ಆ ಲೆಕ್ಕದಲ್ಲಿ 30 ಮಿ.ಲೀ. ಸ್ಮಾಲ್ ಒಂದು ಯೂನಿಟ್, 60 ಮಿ.ಲೀ. ಲಾರ್ಜ್ ಎರಡು, 90ರ ಪ್ಯಾಕೆಟ್ ಮೂರು, 180ರ ಕ್ವಾರ್ಟರ್ ಆರು. 750 ಮಿ.ಲೀ. ಬಾಟಲಿಗೆ ಸುಮಾರು 25. ಬಿಯರ್ ಕುಡಿಯುವವರು ತಮ್ಮನ್ನು ಕುಡಿಯುವವರ ಸಾಲಿಗೇ ಸೇರಿಸಿಕೊಳ್ಳುವುದಿಲ್ಲ. ಆದರೆ ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯೊಂದರಲ್ಲಿ ನಾಲ್ಕು ಯೂನಿಟ್ ಇದೆ. ಶೇ 5ರದ್ದಾದರೆ ಎರಡೂವರೆ.

ಈಗ ದಿನವೂ ‘ಎರಡೇ ಪೆಗ್’ ಎನ್ನುವ ಮೂವರನ್ನು ತೆಗೆದುಕೊಳ್ಳಿ. ಮೊದಲನೆಯವರದು ನಿಜಕ್ಕೂ 30ರ ಪೆಗ್. ದಿನಕ್ಕೆ ಎರಡು ಯೂನಿಟ್. ಅಂಕ 4+0+0, ಒಟ್ಟು 4. ಎರಡನೆಯವರದು 60ರದ್ದು, ನಾಲ್ಕು ಯೂನಿಟ್. 4+1+0, ಒಟ್ಟು 5. ಮೂರನೆಯವರು ಮನೆಯಲ್ಲಿ ಸ್ಟೀಲ್ ಲೋಟಕ್ಕೆ ಕಣ್ಣಂದಾಜಿನಲ್ಲಿ ಸುರಿಯುತ್ತಾರೆ, ಅಳೆದರೆ 90. ಎರಡು ಸುತ್ತಿಗೆ ಆರು ಯೂನಿಟ್; 4+2+4, ಒಟ್ಟು 10. ಮೂವರೂ ಹೇಳಿದ್ದು ಒಂದೇ, ಯಾರೂ ಸುಳ್ಳು ಹೇಳಿಲ್ಲ. ಮೊದಲನೆಯವರಿಗೆ ಒಂದೆರಡು ಮಾತು ಸಾಕು, ಮೂರನೆಯವರು ಇಂದೇ ವೈದ್ಯರೊಡನೆ ಕೂರಬೇಕು.

ಹಾಗಾಗಿ ಕೋಣೆಯಲ್ಲಿ ಒಂದು ಸ್ಟೀಲ್ ಲೋಟ, ಒಂದು ಗಾಜಿನ ಲೋಟ, ಪ್ರಯೋಗಾಲಯದಿಂದ ತಂದ ಅಳತೆಯ ಜಾಡಿ ಇಟ್ಟುಕೊಳ್ಳಿ. “ನೀರು ಬೆರೆಸುವ ಮುಂಚೆ ಎಲ್ಲಿಯವರೆಗೆ ಹಾಕಿಕೊಳ್ಳುತ್ತೀರಿ, ಸ್ವಲ್ಪ ತೋರಿಸಿ” ಎಂದು ನೀರು ಕೊಡಿ. ಅವರು ಸುರಿದದ್ದನ್ನು ಅವರ ಎದುರೇ ಜಾಡಿಗೆ ಹಾಕಿ. ಜಾಡಿ ಇಲ್ಲದಿದ್ದರೆ ಕೆಮ್ಮಿನ ಸಿರಪ್ಪಿನ 10 ಮಿ.ಲೀ. ಮುಚ್ಚಳವೂ ಆದೀತು. ಈ ಒಂದು ನಿಮಿಷದ ಕೆಲಸ ಎಷ್ಟೋ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಗೆರೆಯನ್ನು ಓದುವವರು ಅವರೇ.

ಇನ್ನೊಂದು ಅಡ್ಡದಾರಿಯ ಪ್ರಶ್ನೆ ಇದೆ: “ಒಂದು ಬಾಟಲ್ ಎಷ್ಟು ದಿನಕ್ಕೆ ಬರುತ್ತದೆ?” ನಾಲ್ಕು ದಿನ ಎಂದರೆ ದಿನಕ್ಕೆ ಆರು ಯೂನಿಟ್ ದಾಟಿತು. ಅತಿಥಿಗಳ ಪಾಲು ಕಳೆಯಿರಿ, ಹೊರಗೆ ಕುಡಿದದ್ದನ್ನು ಕೂಡಿಸಿ. ಮನೆಯಲ್ಲೇ ಮಾಡಿದ ವೈನ್, ಶೇಂದಿ, ಸಾರಾಯಿ ಇದ್ದರೆ ನಿಖರ ಲೆಕ್ಕ ಆಗದು. ಪ್ರಮಾಣವನ್ನು ಹಾಗೆಯೇ ಬರೆದುಕೊಳ್ಳಿ.

ಪೂರ್ತಿ ಅಂಕ ಮೊದಲ ಪ್ರಶ್ನೆಯಿಂದಲೇ ಬಂದು, ಉಳಿದೆರಡು ಸೊನ್ನೆಯಾಗಿದ್ದರೆ, ಅಂದರೆ ನಮ್ಮ ಮೊದಲನೆಯವರ ಹಾಗೆ, ಆ ವ್ಯಕ್ತಿ ಮಿತಿಯೊಳಗೇ ಇರಬಹುದು. ಕಳೆದ ಕೆಲವು ತಿಂಗಳ ಕುಡಿತವನ್ನು ವಿವರವಾಗಿ ಕೇಳಿ ಖಚಿತಪಡಿಸಿಕೊಳ್ಳಿ. ಆದರೆ 65 ದಾಟಿದವರಲ್ಲಿ, ಯಕೃತ್ತಿನ ಕಾಯಿಲೆಯಿರುವವರಲ್ಲಿ ಆ ಎರಡು ಯೂನಿಟ್‌ಗಳೂ ಹಗುರವಲ್ಲ.

ನಾಲ್ಕನೆಯ ಹೆಜ್ಜೆ: ಅಂಕ ಬಂದ ಮೇಲೆ

ಆಡಿಟ್-ಸಿ ರೋಗನಿರ್ಣಯವಲ್ಲ. ಮಿತಿ ದಾಟಿದವರಿಗೆ ಉಳಿದ ಏಳು ಪ್ರಶ್ನೆಗಳನ್ನೂ ಕೇಳಿ ಪೂರ್ಣ ಆಡಿಟ್ ಮಾಡಿ. 40ರಲ್ಲಿ 8ರಿಂದ 15 ಬಂದರೆ ಸರಳ ಸಲಹೆ. 16ರಿಂದ 19ಕ್ಕೆ ಸಲಹೆಯ ಜೊತೆಗೆ ಮತ್ತೆ ಮತ್ತೆ ಕರೆಸಿ ನೋಡುವುದು. 20 ಮತ್ತು ಮೇಲಾದರೆ ತಜ್ಞರ ಬಳಿಗೆ. ಯಕೃತ್ತಿನ ರಕ್ತಪರೀಕ್ಷೆ ಸರಿಯಿದೆ ಎಂದು ಯಾರನ್ನೂ ಬಿಟ್ಟುಬಿಡಬೇಡಿ. ಅಪಾಯದ ಮಟ್ಟದಲ್ಲಿ ಕುಡಿಯುವ ಎಷ್ಟೋ ಮಂದಿಯ ವರದಿ ಸಾಮಾನ್ಯವಾಗಿಯೇ ಇರುತ್ತದೆ, ಮತ್ತು ಆ ವರದಿಯನ್ನೇ ಅವರು ಕುಡಿಯಲು ಪರವಾನಗಿ ಎಂದುಕೊಳ್ಳುತ್ತಾರೆ.

ಔಷಧದ ಪಟ್ಟಿಯನ್ನು ಈಗಲೇ ತೆರೆಯಿರಿ. ನಿದ್ರೆಗೆ ಆಲ್ಪ್ರಜೋಲಾಮ್ ಅಥವಾ ಕ್ಲೋನಜೆಪಾಮ್, ನೋವಿಗೆ ಟ್ರಮಡಾಲ್ ಇದ್ದರೆ ಮದ್ಯದ ಜೊತೆ ಉಸಿರಾಟಕ್ಕೇ ಕುತ್ತು. ಮಧುಮೇಹಕ್ಕೆ ಗ್ಲಿಮೆಪಿರೈಡ್ ತೆಗೆದುಕೊಂಡು, ಊಟ ಬಿಟ್ಟು ಕುಡಿದವರ ಸಕ್ಕರೆ ರಾತ್ರಿ ಕುಸಿಯಬಹುದು. ಮನೆಯವರು ಅಮಲು ಎಂದುಕೊಂಡು ಮಲಗಲು ಬಿಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ದಿನವೂ ಪ್ಯಾರಾಸಿಟಮಾಲ್, ನೋವಿನ ಗುಳಿಗೆಗಳನ್ನೂ ನೋಡಿ.

ಜೊತೆಗೆ ಮನಸ್ಸಿನ ಸ್ಥಿತಿ ಕೇಳಿ. ಬೇಸರ, ದುಃಸ್ವಪ್ನ, ಬೆಚ್ಚಿ ಬೀಳುವುದು, ಬದುಕು ಸಾಕೆನಿಸುವುದು. ಕೊನೆಯದನ್ನು ಸುತ್ತಿ ಬಳಸಿ ಕೇಳಬೇಡಿ, ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನೆಯಲ್ಲಿ ಬಂದೂಕು ಇದೆಯೇ ಎಂದೂ ಕೇಳಿ. ಕೊಡಗಿನಲ್ಲಿ ಇದು ಬಿಡಬಾರದ ಪ್ರಶ್ನೆ.

ಐದನೆಯ ಹೆಜ್ಜೆ: ‘ನಾಳೆಯಿಂದ ಬಿಟ್ಟುಬಿಡಿ’ ಎನ್ನುವ ಮುನ್ನ

ಒಳ್ಳೆಯ ಮನಸ್ಸಿನ ವೈದ್ಯರು ಹೇಳುವ ಈ ಮಾತು ಕೆಲವರ ಜೀವಕ್ಕೆ ಸಂಚಕಾರ ತರಬಲ್ಲದು. ಬಹುಕಾಲ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿಯಬಹುದು: ದಿಕ್ಕು ತಪ್ಪಿದ ಮಾತು, ಇಲ್ಲದ್ದು ಕಾಣುವುದು, ಜ್ವರ, ಏರಿದ ನಾಡಿ. ಆದ್ದರಿಂದ ಮೊದಲು ಕೇಳಬೇಕಾದದ್ದು: ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ, ಒಂದು ಗುಟುಕು ಹಾಕಿದ ಮೇಲೆ ನಿಲ್ಲುತ್ತದೆಯೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಆಸ್ಪತ್ರೆ ಸೇರಿದ್ದಿರಾ? ಒಂದಕ್ಕೆ ಹೌದು ಎಂದರೂ ನಿಲ್ಲಿಸುವುದು ವೈದ್ಯರ ನಿಗಾದಲ್ಲೇ ಆಗಬೇಕು, ಥಯಾಮಿನ್ (ಬಿ1 ವಿಟಮಿನ್) ಸಹಿತ. ಅಲ್ಲಿಯವರೆಗೆ ತಾವಾಗಿಯೇ ಪೂರ್ತಿ ನಿಲ್ಲಿಸಬೇಡಿ ಎಂದು ಸ್ಪಷ್ಟವಾಗಿ ತಿಳಿಸಿ, ದಿನ ಗೊತ್ತುಮಾಡಿ.

ಇದೇ ಕಾರಣಕ್ಕೆ ಮೊಣಕಾಲಿನ ಶಸ್ತ್ರಚಿಕಿತ್ಸೆಗೋ ಹರ್ನಿಯಾಕ್ಕೋ ಹೊರಗಿನ ಆಸ್ಪತ್ರೆಗೆ ಕಳಿಸುವ ರೆಫರಲ್ ಹಾಳೆಯಲ್ಲಿ ಕುಡಿತದ ಯೂನಿಟ್ ಬರೆಯಲೇಬೇಕು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿ, ಮೂರನೆಯ ರಾತ್ರಿ ರೋಗಿ ಡ್ರಿಪ್ ಕಿತ್ತುಹಾಕಿ ‘ಪೋಸ್ಟಿನ ಮೇಲೆ ಯಾರೋ ಬಂದಿದ್ದಾರೆ’ ಎಂದು ಎದ್ದು ನಿಂತರೆ, ವಾರ್ಡಿನವರು ಅರಿವಳಿಕೆಯ ಪರಿಣಾಮವೋ ಸೋಂಕೋ ಎಂದು ಹುಡುಕುತ್ತಾ ಹೊತ್ತು ಕಳೆಯುತ್ತಾರೆ. ‘ದಿನಕ್ಕೆ 6 ಯೂನಿಟ್, ಕೊನೆಯ ಸೇವನೆ ನಿನ್ನೆ ರಾತ್ರಿ’ ಎಂಬ ಒಂದು ಸಾಲು ಇದ್ದಿದ್ದರೆ ಮೊದಲ ದಿನವೇ ಔಷಧ ಶುರುವಾಗುತ್ತಿತ್ತು. ಇಡೀ ತಪಾಸಣೆಯಲ್ಲಿ ಬೇರೇನೂ ಮಾಡಲು ಪುರಸೊತ್ತಿಲ್ಲದವರು ಇದೊಂದನ್ನಾದರೂ ಮಾಡಲಿ ಎನ್ನುತ್ತೇನೆ.

ಆರನೆಯ ಹೆಜ್ಜೆ: ಐದು ನಿಮಿಷದ ಮಾತು

ಅವಲಂಬನೆಯಿಲ್ಲದೆ ಮಿತಿ ಮೀರಿದವರಿಗೆ ಇದೇ ಚಿಕಿತ್ಸೆ. ಯಕೃತ್ತು ಕೊಳೆತುಹೋದೀತು ಎಂದು ಹೆದರಿಸಿದರೆ ಯುದ್ಧ ಕಂಡವರು ನಕ್ಕು ಎದ್ದು ಹೋಗುತ್ತಾರೆ. ಅವರು ಯಾವುದಕ್ಕಾಗಿ ಬಂದಿದ್ದಾರೋ ಅದಕ್ಕೇ ಮಾತನ್ನು ಕಟ್ಟಿ:

“ಸಾಹೇಬರೇ, ನಿಮ್ಮ ಬಿಪಿ ಇಳಿಯದಿರಲು ರಾತ್ರಿಯ ರಮ್ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಈಗಷ್ಟೇ ಅಳೆದೆವು, ದಿನಕ್ಕೆ ಆರು ಯೂನಿಟ್ ಆಗುತ್ತಿದೆ. ಇದರ ಬಗ್ಗೆ ನೀವೇನು ಹೇಳುತ್ತೀರಿ?”

ಆಮೇಲೆ ಸುಮ್ಮನಿರಿ. ಸುಮ್ಮನಿರುವುದೇ ಇದರಲ್ಲಿ ಕಷ್ಟದ ಭಾಗ. “ನಿದ್ರೆ ಬರುವುದಿಲ್ಲ ಡಾಕ್ಟ್ರೇ” ಎಂದರೆ ಚಿಕಿತ್ಸೆ ಮಾಡಬೇಕಾದದ್ದು ನಿದ್ರೆಗೆ ಎಂದು ಗೊತ್ತಾಯಿತು. ಕುಡಿದು ಬಂದ ನಿದ್ರೆ ನಡುರಾತ್ರಿ ಒಡೆಯುತ್ತದೆ ಎಂಬುದು ಅವರ ಅನುಭವದಲ್ಲೇ ಇರುತ್ತದೆ, ಕೇಳಿ ನೋಡಿ. ಗುರಿಯನ್ನು ಅವರ ಬಾಯಿಂದಲೇ ಹೊರಡಿಸಿ: ವಾರದಲ್ಲಿ ಮೂರು ದಿನ ಇಲ್ಲ, ಉಳಿದ ದಿನ ಅಳತೆಯ ಲೋಟದಲ್ಲೇ, ಕ್ಯಾಂಟೀನಿನಿಂದ ಪೂರ್ತಿ ಕೋಟಾ ತರುವುದಿಲ್ಲ. ಕೋಟಾ ಬಿಟ್ಟುಕೊಟ್ಟರೆ ನಷ್ಟ ಎಂಬ ಭಾವನೆ ಗಟ್ಟಿಯಾಗಿರುತ್ತದೆ, ತರುವುದನ್ನು ಕಡಿಮೆ ಮಾಡುವುದರ ಬಗ್ಗೆ ಪ್ರತ್ಯೇಕವಾಗಿಯೇ ಮಾತಾಡಿ. ಯಕೃತ್ತಿನ ಸಿರೋಸಿಸ್, ಮೇದೋಜೀರಕ ಗ್ರಂಥಿಯ ಉರಿಯೂತ, ಅವಲಂಬನೆ ಇರುವವರಿಗೆ ಮಾತ್ರ ಕಡಿಮೆ ಮಾಡುವ ಮಾತಿಲ್ಲ. ನಿಗಾದಲ್ಲಿ ಪೂರ್ತಿ ನಿಲ್ಲಿಸಬೇಕು.

ಮನೆಯವರಿಗೆ ಒಂದು ಎಚ್ಚರಿಕೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿಮಾಡಿ ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಪದ್ಧತಿ ನಮ್ಮಲ್ಲಿ ಇದೆ, ‘ಕುಡಿತ ಬಿಡಿಸುವ ಪುಡಿ’ ಎಂಬ ಜಾಹೀರಾತುಗಳಿಗೂ ಕೊರತೆಯಿಲ್ಲ. ಅದು ಒಳಗಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು, ಹೃದಯದ ತೊಂದರೆಯಿರುವವರು ಸಾಯಲೂಬಹುದು. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರು ಕೊಟ್ಟರೆ ಮಾತ್ರ ಅದು ಔಷಧ.

ಏಳನೆಯ ಹೆಜ್ಜೆ: ಎಲ್ಲಿಗೆ ಕಳಿಸುವುದು

ಚೀಟಿ ಬರೆದುಕೊಟ್ಟು ಕಳಿಸಿದರೆ ಬಹಳ ಮಂದಿ ಹೋಗುವುದಿಲ್ಲ. ರೋಗಿ ಎದುರಿಗಿರುವಾಗಲೇ ಫೋನ್ ಮಾಡಿ ದಿನ ಗೊತ್ತುಮಾಡಿ. ಬೆಂಗಳೂರಿನಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ, ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ; ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್; ಉಳಿದೆಡೆ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಮನೋವೈದ್ಯಕೀಯ ವಿಭಾಗ. ಕುಡಿಯುವ ಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂತಹ ಔಷಧಗಳಿವೆ ಎಂಬುದೇ ಬಹಳ ರೋಗಿಗಳಿಗೆ ಗೊತ್ತಿರುವುದಿಲ್ಲ, ಹೇಳಿ ಕಳಿಸಿ. ಹೋಗಲು ಒಪ್ಪದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಕೊಡಿ, ಕನ್ನಡದಲ್ಲೂ ಮಾತಾಡಬಹುದು. 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೇನೆಯವರಿಗೆಂದೇ ಇದರ ಪ್ರತ್ಯೇಕ ಘಟಕ ತೆರೆದಿದೆ. ವ್ಯಸನಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446.

ಮತ್ತೆ ಕೇಳುವುದು

ತಿಂಗಳ ಮಾತ್ರೆಗೆ ಅವರು ಹೇಗೂ ಬರುತ್ತಾರೆ, ಆಗ ರಕ್ತದೊತ್ತಡದ ಪಕ್ಕದಲ್ಲೇ ಆ ತಿಂಗಳ ಯೂನಿಟ್‌ಗಳನ್ನೂ ಬರೆಯಿರಿ. ಇಳಿದಿದ್ದರೆ ಎರಡನ್ನೂ ಒಟ್ಟಿಗೆ ತೋರಿಸಿ. ಇಳಿಯದಿದ್ದರೆ ಬೈಯಬೇಡಿ, ಯಾವ ದಿನ ಗುರಿ ತಪ್ಪಿತು ಎಂದು ಕೇಳಿ. ಸಾಮಾನ್ಯವಾಗಿ ಸಂಬಳದ ದಿನವೋ ಗೆಳೆಯರ ಕೂಟವೋ ಆಗಿರುತ್ತದೆ, ಅದಕ್ಕೊಂದು ಉಪಾಯ ಅವರೇ ಹೇಳುತ್ತಾರೆ. ಕಳೆದ ವರ್ಷ 7 ಅಂಕ ಇದ್ದವರು ಈ ವರ್ಷ ನೇರ ಸೊನ್ನೆ ಹೇಳಿದರೆ ಎರಡು ಸಾಧ್ಯತೆಗಳಿವೆ: ನಿಜಕ್ಕೂ ಬಿಟ್ಟಿದ್ದಾರೆ, ಇಲ್ಲವೇ ನಿಮ್ಮ ಉಪದೇಶ ಸಾಕಾಗಿದೆ. ಬಿಟ್ಟವರು ಯಾವಾಗ ಬಿಟ್ಟೆ, ಹೇಗೆ ಬಿಟ್ಟೆ ಎಂದು ತಾವಾಗಿಯೇ ವಿವರ ಹೇಳುತ್ತಾರೆ. ವಿವರ ಹೇಳದವರ ಮುಂದೆ ಅಳತೆಯ ಜಾಡಿ ಇಡಬೇಡಿ, ಮುಂದಿನ ತಿಂಗಳು ಬೇರೊಬ್ಬರು ಕೇಳಲಿ.